ಸಹಾಯ ಬೇಕು: ಮೆಟಾ ಟ್ಯಾಗ್ ಇದ್ದರೂ ಕನ್ನಡ ಅಕ್ಷರ ಕೆಡುತ್ತಿದೆ

ನಮಸ್ಕಾರ ಎಲ್ಲರಿಗೂ. ಅಜ್ಜಿ ಹೇಳುತ್ತಿದ್ದ ಸೋಬಾನೆ ಪದಗಳನ್ನು ಟೈಪ್ ಮಾಡಿ ಒಂದು ಎಚ್‌ಟಿಎಂಎಲ್ ಪುಟ ಮಾಡಿದ್ದೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಸರ್ವರ್‌ಗೆ ಹಾಕಿದರೆ ಕನ್ನಡದ ಬದಲು ಏನೇನೋ ಚಿಹ್ನೆಗಳು!

ಅಕ್ಷರಗಳು ಯಾವ ಸಂಕೇತ ಪದ್ಧತಿಯಲ್ಲಿವೆ ಅಂತ ಬ್ರೌಸರ್‌ಗೆ ಹೇಳುವ ಮೆಟಾ ಚಾರ್‌ಸೆಟ್ ಟ್ಯಾಗ್‌ನಲ್ಲಿ ಯುಟಿಎಫ್-8 (ಕನ್ನಡವೂ ಸೇರುವ ಪದ್ಧತಿ) ಅಂತಲೇ ಇದೆ. ಅದು ಮೊದಲ 1024 ಬೈಟ್‌ಗಳ ಒಳಗೆ ಇರಬೇಕು ಅಲ್ವಾ? ಮೇಲೆ ಉದ್ದನೆಯ ಕನ್ನಡ ಕಾಮೆಂಟ್ ಇತ್ತು, ಒಂದೊಂದು ಅಕ್ಷರಕ್ಕೂ ಕನಿಷ್ಠ 3 ಬೈಟ್. ಅದನ್ನು ತೆಗೆದೆ. ಆದರೂ ಸರಿಹೋಗಲಿಲ್ಲ.

ಆಮೇಲೆ ನೋಡಿದರೆ ಸರ್ವರ್ ಪುಟದ ಜೊತೆ ಕಳಿಸುವ ಕಂಟೆಂಟ್-ಟೈಪ್ ಹೆಡರ್‌ನಲ್ಲಿ (ಪುಟದ ಬಗೆ ತಿಳಿಸುವ ಸಾಲು) ಐಎಸ್‌ಒ-8859-1 (ಕನ್ನಡ ಇಲ್ಲದ ಹಳೇ ಪದ್ಧತಿ) ಅಂತಿದೆ. ಬ್ರೌಸರ್ ಮೆಟಾಕ್ಕಿಂತ ಹೆಡರ್ ಮಾತನ್ನೇ ಕೇಳುತ್ತದೆ. ಸರ್ವರ್ ಸೆಟ್ಟಿಂಗ್ ನನ್ನ ಕೈಯಲ್ಲಿಲ್ಲ. ಫೈಲನ್ನು ಬಾಮ್ (ಇದು ಯುಟಿಎಫ್-8 ಅಂತ ಫೈಲಿನ ಶುರುವಿನಲ್ಲೇ ತಿಳಿಸುವ ಗುರುತು) ಸಮೇತ ಸೇವ್ ಮಾಡಿದರೆ ಅದು ಹೆಡರ್ ಅನ್ನೂ ಮೀರುತ್ತದಂತೆ. ಯಾರಾದರೂ ಹಾಗೆ ಮಾಡಿದ್ದೀರಾ? ಹಳೇ ಫೋನ್‌ಗಳಲ್ಲಿ ತೊಂದರೆ ಆಯಿತಾ? ದಯವಿಟ್ಟು ತಿಳಿಸಿ, ಅಜ್ಜಿಯ ಪದಗಳು ಎಲ್ಲರಿಗೂ ಸರಿಯಾಗಿ ಕಾಣಬೇಕು.