ಪದಚರ್ಚೆ: ಏರೋಬ್ಯಾಟಿಕ್ ಕ್ಲಬ್ಬಿನಲ್ಲಿ ನೆಲದ ಮೇಲಿರುವವರನ್ನು ಏನೆನ್ನೋಣ?

ಗೆಳೆಯರೇ,

ವಿಮಾನವನ್ನು ಲಾಗ ಹಾಕಿಸುತ್ತ, ಉರುಳಿಸುತ್ತ ಹಾರುವ ಏರೋಬ್ಯಾಟಿಕ್ ಕ್ಲಬ್ಬುಗಳ ಬಗ್ಗೆ ಕನ್ನಡದಲ್ಲೊಂದು ಲೇಖನ ಬರೆಯುತ್ತಿದ್ದೇನೆ. ವಿಮಾನದ ಭಾಗಗಳಿಗೆ ಪದ ಸಿಕ್ಕವು. ರೆಕ್ಕೆ, ಬಾಲ, ಚುಕ್ಕಾಣಿ ಎಂದರೆ ಸಾಕು, ಓದುಗರಿಗೆ ತಿಳಿಯುತ್ತದೆ. ಪೇಚಾಡುತ್ತಿರುವುದು ಮನುಷ್ಯರ ವಿಷಯದಲ್ಲಿ.

ಅದಕ್ಕೆ ಮೊದಲು ಏರೋಬ್ಯಾಟಿಕ್ಸ್ ಎಂಬ ಪದವನ್ನೇ ನೋಡೋಣ. ಪತ್ರಿಕೆಗಳು 'ವೈಮಾನಿಕ ಸಾಹಸ ಪ್ರದರ್ಶನ' ಎನ್ನುತ್ತವೆ. ಏರ್ ಷೋಗೆ ಅದು ಒಪ್ಪುತ್ತದೆ, ಕ್ಲಬ್ಬಿನ ಸ್ಪರ್ಧೆಗೆ ಒಪ್ಪುವುದಿಲ್ಲ. ಅಲ್ಲಿ ಸಾಹಸಕ್ಕೆ ಅಂಕವಿಲ್ಲ. 1000 ಮೀಟರ್ ಉದ್ದಗಲದ ಚೌಕವೊಂದನ್ನು ನೆಲದ ಮೇಲೆ ಗುರುತು ಮಾಡಿರುತ್ತಾರೆ. ಅದರ ಮೇಲಿನ ಆಕಾಶದಲ್ಲಿ, ಮೊದಲೇ ಕಾಗದದಲ್ಲಿ ಬರೆದ ಆಕೃತಿಗಳನ್ನು ಅದೇ ಕ್ರಮದಲ್ಲಿ ಹಾರಬೇಕು. ಪ್ರತಿ ಆಕೃತಿಗೂ 10 ಅಂಕ. 5 ಡಿಗ್ರಿ ಓರೆಯಾದರೆ ಅರ್ಧ ಅಂಕ ಹೋಯಿತು. ಲೂಪ್, ಅಂದರೆ ನಿಂತ ಸುತ್ತು, ಹಾಕಿದರೆ ಅದು ಕೆಳಗಿನಿಂದ ನೋಡುವವರಿಗೆ ದುಂಡಗೆ ಕಾಣಬೇಕು. ಗಾಳಿ ತಳ್ಳಿತು ಎಂಬ ನೆಪ ನಡೆಯದು. ಇದಕ್ಕೆ 'ಕಸರತ್ತು' ಎಂಬ ಗರಡಿಮನೆಯ ಪದವೇ ಸರಿ ಅಂತ ನನಗನಿಸುತ್ತದೆ. ರಾಜಕೀಯ ವರದಿಗಾರರು ಅದನ್ನು ಬಳಸಿ ಬಳಸಿ ಸವೆಸಿದ್ದಾರೆ, ನಿಜ. ಆದರೂ 'ಬಾನ ಕಸರತ್ತು' ಎಂದರೆ ಕೇಳಲು ಕೆಟ್ಟದೇನಿಲ್ಲ.

ಆಕೃತಿಗಳ ಹೆಸರಿಗೆ ಹೆಚ್ಚು ತಲೆಕೆಡಿಸಿಕೊಂಡಿಲ್ಲ. ಲೂಪ್‌ಗೆ ಲಾಗ, ಸ್ಪಿನ್‌ಗೆ ಗಿರಕಿ. ರೋಲ್‌ಗೆ ಉರುಳು: ವಿಮಾನ ಮೂತಿಯಿಂದ ಬಾಲದವರೆಗಿನ ಅಕ್ಷದ ಮೇಲೆ ತಿರುಗುತ್ತದೆ, ಉರುಳುಸೇವೆಯಲ್ಲಿ ಮೈ ತಿರುಗುವುದೂ ತಲೆಯಿಂದ ಕಾಲಿನವರೆಗಿನ ಅಂಥದೇ ಅಕ್ಷದ ಮೇಲೆ. ಹ್ಯಾಮರ್‌ಹೆಡ್ ಮಾತ್ರ ತಕರಾರಿನದು. ವಿಮಾನ ನೆಟ್ಟಗೆ ಮೇಲೇರಿ, ವೇಗವೆಲ್ಲ ಬಸಿದುಹೋಗುವ ಹೊತ್ತಿಗೆ ಚುಕ್ಕಾಣಿಯ ಬಲದಿಂದ ಪಕ್ಕಕ್ಕೆ ಹೊರಳಿ, ನೆಟ್ಟಗೆ ಕೆಳಗಿಳಿಯುತ್ತದೆ. ಬ್ರಿಟಿಷರು ಇದನ್ನು ಸ್ಟಾಲ್ ಟರ್ನ್ ಅನ್ನುತ್ತಾರೆ, ಆದರೆ ಅಲ್ಲಿ ರೆಕ್ಕೆ ಸ್ಟಾಲ್ (ಗಾಳಿಯ ಹರಿವು ರೆಕ್ಕೆಯಿಂದ ಕಿತ್ತುಕೊಂಡು ಎತ್ತುವ ಬಲ ಕುಸಿಯುವುದು) ಆಗುವುದೇ ಇಲ್ಲ. ಆ ಹೆಸರನ್ನು ಅನುವಾದಿಸಿದರೆ ತಪ್ಪನ್ನೂ ಅನುವಾದಿಸಿದ ಹಾಗೆ. 'ನೆತ್ತಿತಿರುವು' ಎಂದು ಬರೆದಿಟ್ಟಿದ್ದೇನೆ.

ಇನ್ನು ಜನ. ತೀರ್ಪುಗಾರ ಆಕಾಶದಿಂದ ಕಣ್ಣು ಕೀಳುವಂತಿಲ್ಲ. ಹಾಗಾಗಿ ಅವನ ಪಕ್ಕದಲ್ಲಿ ಇಬ್ಬರಿರುತ್ತಾರೆ. ಒಬ್ಬರು ಕಾಗದ ನೋಡಿಕೊಂಡು ಮುಂದಿನ ಆಕೃತಿ ಯಾವುದೆಂದು ಗಟ್ಟಿಯಾಗಿ ಹೇಳುತ್ತಾರೆ. ಆ ಕಾಗದದಲ್ಲಿ ಅಕ್ಷರವಿರುವುದಿಲ್ಲ, ಸ್ಪೇನಿನ ಪೈಲಟ್ ಹೋಸೆ ಲೂಯಿಸ್ ಅರೆಸ್ತಿ ರೂಪಿಸಿದ ಚಿಹ್ನೆಗಳಿರುತ್ತವೆ. ಚುಕ್ಕೆಯಿಂದ ಆಕೃತಿ ಶುರು, ಅಡ್ಡಗೀಟಿನಲ್ಲಿ ಮುಕ್ತಾಯ. ತಲೆಕೆಳಗಾಗಿ ಹಾರುವ ಕಡೆ ಗೆರೆ ತುಂಡುತುಂಡು. ಇನ್ನೊಬ್ಬರು ತೀರ್ಪುಗಾರನ ಬಾಯಿಂದ ಬಂದ ಅಂಕವನ್ನೂ, ಕಳೆದದ್ದು ಯಾಕೆ ಎಂಬುದನ್ನೂ ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ಮೊದಲನೆಯವರಿಗೆ 'ಹೇಳುಗ' ಅಂದುಕೊಂಡಿದ್ದೇನೆ. ಎರಡನೆಯವರಿಗೆ 'ಲಿಪಿಕಾರ' ಅಂದರೆ ತಾಳೆಗರಿ ನೆನಪಾಗುತ್ತದೆ, 'ಗುಮಾಸ್ತ' ಅಂದರೆ ಕಚೇರಿ. ಶಾಸನ ಬರೆದ ಸೇನಬೋವನನ್ನು ವಿಮಾನ ನಿಲ್ದಾಣಕ್ಕೆ ಕರೆತರುವಷ್ಟು ಧೈರ್ಯ ನನಗಿಲ್ಲ. 'ಬರೆವವರು' ಎಂದು ಸುಮ್ಮನೆ ಬಿಡಬಹುದೇ? ಚೌಕದ ಮೂಲೆಗಳಲ್ಲಿ ನಿಂತು, ವಿಮಾನ ಗೆರೆ ದಾಟಿತೇ ಎಂದು ನೋಡುವವರಿಗೆ 'ಎಲ್ಲೆಗಾವಲು' ಸಾಕು.

ನಿಜವಾದ ತೊಡಕು ವಾಲಂಟಿಯರ್ ಎಂಬಲ್ಲಿದೆ. 'ಸ್ವಯಂಸೇವಕ' ಎಂದ ತಕ್ಷಣ ಎದೆಗೆ ಬ್ಯಾಡ್ಜ್, ಜಾತ್ರೆಯಲ್ಲಿ ಜನರನ್ನು ಸಾಲಿಗೆ ನಿಲ್ಲಿಸುವ ಕೆಲಸ ಕಣ್ಣಿಗೆ ಬರುತ್ತದೆ. ಇಲ್ಲಿ ಹಾಗಲ್ಲ. ತನ್ನ ವರ್ಗದ ಸ್ಪರ್ಧೆ ಮುಗಿಸಿದ ಪೈಲಟ್ಟೇ ಇನ್ನೊಂದು ವರ್ಗಕ್ಕೆ ತೀರ್ಪುಗಾರನಾಗುತ್ತಾನೆ, ಇಲ್ಲವೇ ಹಾಳೆ ಹಿಡಿದು ಕೂರುತ್ತಾನೆ. ಹಾರಲು ಬಾರದ ಮನೆಯವರೂ ಗೆಳೆಯರೂ ಜೊತೆಗಿರುತ್ತಾರೆ ಅನ್ನಿ. 'ಸದಸ್ಯರು ಮತ್ತು ಸ್ವಯಂಸೇವಕರು' ಎಂದು ಬರೆದರೆ ಎರಡು ಬೇರೆ ಗುಂಪು ಇದ್ದಂತೆ ಕೇಳಿಸುತ್ತದೆ. ಒಬ್ಬರು 'ಬಿಟ್ಟಿ ದುಡಿಯುವವರು' ಅನ್ನಿ ಎಂದರು. ಬಿಟ್ಟಿ ಬಂದದ್ದು ವಿಷ್ಟಿಯಿಂದ, ಅಂದರೆ ಬಲವಂತದ ದುಡಿಮೆಯಿಂದ. ಅರ್ಥ ಪೂರಾ ಉಲ್ಟಾ ಆಗುತ್ತದೆ. 'ಕೈಜೋಡಿಸುವ ಸದಸ್ಯರು' ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ, ಉದ್ದವಾಯಿತು.

ಇಂಟರ್‌ನ್ಯಾಷನಲ್ ಏರೋಬ್ಯಾಟಿಕ್ ಕ್ಲಬ್ 1970ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಅದರ ಸ್ಥಳೀಯ ಚಾಪ್ಟರ್‌ಗಳನ್ನು ದಯವಿಟ್ಟು ಯಾರೂ 'ಅಧ್ಯಾಯ' ಮಾಡಬೇಡಿ. ಘಟಕ ಅನ್ನಿ.

ಕೊನೆಯದೊಂದು. ಅಭ್ಯಾಸದ ದಿನ ಅನುಭವಿ ಸದಸ್ಯರೊಬ್ಬರು ಕೆಳಗೆ ನಿಂತು, ರೇಡಿಯೋದಲ್ಲಿ 'ಮೇಲೇರುವಾಗ ಎಡಕ್ಕೆ ವಾಲಿತು, ಇನ್ನೊಮ್ಮೆ' ಎಂದು ಹೇಳುತ್ತಿರುತ್ತಾರೆ. ಕ್ಲಬ್ಬಿನವರು ಇದನ್ನು ಕ್ರಿಟೀಕ್ ಅನ್ನುತ್ತಾರೆ. ವಿಮರ್ಶೆ ಎಂದರೆ ಪುಸ್ತಕ ಬಿಡುಗಡೆಯ ವಾಸನೆ. ಕೆಲಸಕ್ಕೆ 'ತಿದ್ದುಮಾತು', ಮಾಡುವವರಿಗೆ 'ತಿದ್ದುಗ' ಎಂದರೆ ಒಪ್ಪುತ್ತೀರಾ? ಹೆಂಗಸರೂ ಈ ಕೆಲಸ ಮಾಡುತ್ತಾರೆ. ಆಗ 'ತಿದ್ದುಗಿತ್ತಿ' ಅನ್ನುವುದೋ, ಎಲ್ಲರಿಗೂ 'ತಿದ್ದುವವರು' ಅನ್ನುವುದೋ?