‘ಅಜ್ಜನ ಮನೆ’ ಗುಂಪಿನಲ್ಲಿ ಫ್ರೀಸ್ಟೈಲ್ ಫೆಲೋಶಿಪ್

ಭಾನುವಾರ ಬೆಳಗ್ಗೆ ದೊಡ್ಡಪ್ಪ ನಮ್ಮ ‘ಅಜ್ಜನ ಮನೆ’ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. 90ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ಫ್ರೀಸ್ಟೈಲ್ ಫೆಲೋಶಿಪ್ ಅಂತ ಒಂದು ರ‍್ಯಾಪ್ ಗುಂಪು ಇತ್ತಂತೆ. ಒಂದೇ ಒಂದು ಕೆಟ್ಟ ಮಾತಿಲ್ಲದೆ ಹಾಡುತ್ತಿದ್ದರಂತೆ. ಅದಕ್ಕೇ ಯಾವ ಕಂಪನಿಯೂ ಅವರ ಹಾಡು ಹೊರಗೆ ತರಲಿಲ್ಲವಂತೆ. ಕೊನೆಗೆ, ‘ನಿಮ್ಮ ಮಕ್ಕಳಿಗೂ ಕಳಿಸಿ.’

ನಾನು ಹಾಸಿಗೆಯಲ್ಲೇ ಎದ್ದು ಕುಳಿತೆ. ಇಷ್ಟು ವರ್ಷದಲ್ಲಿ ಆ ಹೆಸರನ್ನು ನಮ್ಮ ಮನೆಯಲ್ಲಿ ನಾನು ಬಿಟ್ಟು ಬೇರೆ ಯಾರೂ ಎತ್ತಿದ್ದೇ ಇಲ್ಲ.

ದೊಡ್ಡಪ್ಪ: ಇದನ್ನೇ ನಾನು ಹೇಳ್ತಾ ಬಂದಿರೋದು. ಒಳ್ಳೆಯವರಿಗೆ ಕಾಲ ಇಲ್ಲ. ಈಗಿನ ಹುಡುಗರ ಹಾಡು ಕೇಳಿದ್ರೆ ಕಿವಿ ಮುಚ್ಕೋಬೇಕು.

ಅಕ್ಕ: ಇದಕ್ಕೆ ಆಧಾರ ಏನು ದೊಡ್ಡಪ್ಪ? ಬರೆದೋರು ಯಾರು?

ದೊಡ್ಡಪ್ಪ: ಎಲ್ಲದಕ್ಕೂ ಆಧಾರ ಕೇಳೋದು ನಿನಗೊಂದು ಚಟ.

ಅಕ್ಕ: ಬೆಂಡೆಕಾಯಿ ನೀರು ಕುಡಿದ್ರೆ ಶುಗರ್ ಹೋಗತ್ತೆ ಅಂತ ನೀವು ಹಾಕಿದ್ರಿ. ಅಮ್ಮ ಮೂರು ದಿನ ಮಾತ್ರೆ ಬಿಟ್ಟಿದ್ರು.

ಅತ್ತೆ: ಬೆಳಗ್ಗೆ ಬೆಳಗ್ಗೆ ಅದೆಲ್ಲ ಬೇಡ.

ಆದರೂ ಹತ್ತು ನಿಮಿಷ ಬೆಂಡೆಕಾಯಿ ನೀರೇ ನಡೆಯಿತು. ಅಷ್ಟರಲ್ಲಿ ನಾನು ಉದ್ದಕ್ಕೆ ಬರೆದೆ. ಸುಮ್ನೆ ಬಿಡಲು ಮನಸ್ಸಾಗಲಿಲ್ಲ.

ನಾನು: ಅರ್ಧ ನಿಜ, ಅರ್ಧ ಸುಳ್ಳು. ಲಾಸ್ ಏಂಜಲೀಸಿನ ಸೌತ್ ಸೆಂಟ್ರಲ್‌ನಲ್ಲಿ ಗುಡ್ ಲೈಫ್ ಅಂತ ಒಂದು ಕೆಫೆ ಇತ್ತು. ಆರೋಗ್ಯದ ಆಹಾರ ಮಾರೋ ಅಂಗಡಿ. 1989ರ ಕೊನೆಯಿಂದ ಗುರುವಾರ ರಾತ್ರಿ ಅಲ್ಲಿ ಯಾರು ಬೇಕಾದ್ರೂ ಮೈಕ್ ಹಿಡೀಬಹುದಿತ್ತು. ನಡೆಸ್ತಿದ್ದದ್ದು ಬಿ. ಹಾಲ್ ಅನ್ನೋ ಹೆಂಗಸು ಮತ್ತು ಅವರ ಮಗ. ಬೈಗುಳ ಆಡೋ ಹಾಗಿಲ್ಲ ಅನ್ನೋದು ಆ ಜಾಗದ ಕಟ್ಟಳೆ. ಹಾಡು ಸಪ್ಪೆಯಾದ್ರೆ ‘ದಯವಿಟ್ಟು ಮೈಕ್ ಮುಂದಿನವರಿಗೆ ಕೊಡಿ’ ಅಂತ ಎಲ್ಲರೂ ಸೇರಿ ಕೂಗೋರು. ನ್ಯೂಯಾರ್ಕಿನ ರ‍್ಯಾಪರ್ ಫ್ಯಾಟ್ ಜೋ ಬಂದಾಗಲೂ ಬಿಡಲಿಲ್ಲ, ಹಾಗೇ ಕೂಗಿದ್ರು. ಏಸಿಯಲೋನ್, ಮೈಕಾ ನೈನ್, ಪೀಸ್, ಸೆಲ್ಫ್ ಜುಪಿಟರ್, ಫ್ರೀಸ್ಟೈಲ್ ಫೆಲೋಶಿಪ್‌ನ ಈ ನಾಲ್ವರು ಪಳಗಿದ್ದು ಅಲ್ಲೇ. ಆದರೆ ಕಟ್ಟಳೆ ಇದ್ದದ್ದು ಆ ಕೆಫೆಗೆ. ಆಲ್ಬಮ್‌ನಲ್ಲಿ ಬೈಗುಳ ಇದೆ. ಕಂಪನಿ ತರಲಿಲ್ಲ ಅನ್ನೋದೂ ಸುಳ್ಳು. 1991ರ ಮೊದಲನೆಯದನ್ನ ತಾವೇ ತಂದ್ರು, ನಿಜ. 1993ರ ‘ಇನ್ನರ್‌ಸಿಟಿ ಗ್ರಿಯೋಸ್’ ಬಂದದ್ದು ಐಲ್ಯಾಂಡ್ ಕಂಪನಿಗೆ ಸೇರಿದ ಫೋರ್ತ್ ಅಂಡ್ ಬ್ರಾಡ್‌ವೇ ಲೇಬಲ್‌ನಿಂದ.

ದೊಡ್ಡಪ್ಪ: ಬೈಗುಳ ಇಲ್ಲದ ಜಾಗ ಇತ್ತು ಅಂತ ನೀನೇ ಒಪ್ಪಿದೆಯಲ್ಲ. ಅಷ್ಟು ಸಾಕು.

ಅಕ್ಕ: ಸುಳ್ಳು ಅಂತಾನೂ ಹೇಳಿದಾನೆ. ಓದಿದ್ರಾ? ಮತ್ತೆ ನಿನ್ನ ಆಧಾರ ಏನೋ?

ನಾನು: ಆವಾ ಡುವರ್ನೇ 2008ರಲ್ಲಿ ಆ ಕೆಫೆ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದಾರೆ. ಅವರೂ ಅಲ್ಲಿ ಮೈಕ್ ಹಿಡಿದವರೇ.

ಅಕ್ಕ: ಅಲ್ಲಿಯವರೇ ಮಾಡಿದ್ದಾದ್ರೆ ಹೊಗಳದೆ ಇರ್ತಾರಾ?

ಚಿಕ್ಕಮ್ಮ: ಗ್ರಿಯೋ ಅಂದ್ರೆ ಏನೋ ಮರಿ?

ನಾನು: ಪಶ್ಚಿಮ ಆಫ್ರಿಕಾದಲ್ಲಿ ವಂಶದ ಕಥೆ, ಊರಿನ ಕಥೆ ಬಾಯಲ್ಲೇ ಇಟ್ಕೊಂಡು ಹಾಡೋರು ಚಿಕ್ಕಮ್ಮ. ನಮ್ಮ ಕಡೆ ನೀಲಗಾರರು ಮಂಟೇಸ್ವಾಮಿ ಕಥೆ ಹಾಡ್ತಾರಲ್ಲ, ಹಾಗೆ.

ಗುಂಡಣ್ಣ: ನೀಲಗಾರರು ಅಂದ್ರೆ ಅಜ್ಜಿ ನೆನಪಾಗ್ತಾರೆ. ತಂಬೂರಿ ಸದ್ದು ಕೇಳಿದ ಕೂಡಲೇ ಮೊರದ ತುಂಬ ರಾಗಿ ತಂದು ಜಗಲಿ ಮೇಲೆ ಕೂರೋರು. ಕಥೆ ಮುಗಿಯೋ ತನಕ ಯಾರಿಗೂ ಕಾಫಿ ಇಲ್ಲ. ದೊಡ್ಡಪ್ಪನ ಟೂ ಇನ್ ಒನ್‌ನಲ್ಲಿ ಒಂದು ಸಲ ರೆಕಾರ್ಡ್ ಮಾಡಿದ್ವಿ, ಅಲ್ವಾ?

ದೊಡ್ಡಪ್ಪ: ಆ ಟೂ ಇನ್ ಒನ್ ಹಾಳು ಮಾಡಿದ್ದು ಯಾರು ಅಂತಾನೂ ಹೇಳು.

ಚಿಕ್ಕಪ್ಪ: ಸೆಲ್ ಒಳಗೇ ಸೋರಿತ್ತು. ಮೂವತ್ತು ವರ್ಷದಿಂದ ಹೇಳ್ತಾ ಇದ್ದೀನಿ.

ಆ ಜಗಳ ಮತ್ತೆ ಶುರುವಾಗುವ ಮೊದಲೇ ನಾನು ‘ಪಾರ್ಕ್ ಬೆಂಚ್ ಪೀಪಲ್’ ಹಾಡಿನ ಲಿಂಕ್ ಹಾಕಿದೆ. ಫ್ರೆಡಿ ಹಬರ್ಡ್ ಅವರ ‘ರೆಡ್ ಕ್ಲೇ’ ಎಂಬ ಜಾಝ್ ಕೃತಿಯ ಮೇಲೆ ಕಟ್ಟಿದ ಹಾಡು ಅದು. ಮನೆಮಠ ಇಲ್ಲದೆ ಪಾರ್ಕಿನ ಬೆಂಚಿನ ಮೇಲೆ ಮಲಗುವವರ ಪಾಡು. ಮೈಕಾ ನೈನ್ ಇಲ್ಲಿ ಪಟಪಟನೆ ಮಾತು ಉದುರಿಸುವುದಿಲ್ಲ, ರಾಗವಾಗಿ ಹಾಡುತ್ತಾನೆ. ಮಾತನ್ನು ಎಳೆಯುತ್ತಾನೆ, ತುಂಡು ಮಾಡುತ್ತಾನೆ, ತಾಳದಿಂದ ಕೆಳಗೆ ಬಿದ್ದ ಎನ್ನುವಷ್ಟರಲ್ಲಿ ಸರಿಯಾಗಿ ಸಮಕ್ಕೆ ಬಂದು ಕೂರುತ್ತಾನೆ. ಹೊಸ ಊರಿನಲ್ಲಿ ಕೆಲಸವಿಲ್ಲದೆ ಅಲೆದ ದಿನಗಳಲ್ಲಿ ನನ್ನ ಜೊತೆ ಇದ್ದದ್ದು ಈ ಹಾಡು. ಗುಂಪಿಗೆ ಅದನ್ನೂ ಬರೆದೆ.

ಲಿಂಕ್ ಯಾರೂ ತೆರೆಯಲಿಲ್ಲ.

ಅಕ್ಕ: ಅಷ್ಟು ಒಳ್ಳೇದಿದ್ರೆ ಯಾಕೆ ಯಾರಿಗೂ ಗೊತ್ತಿಲ್ಲ?

ಒಳ್ಳೆಯ ಪ್ರಶ್ನೆ. 1992ರ ಡಿಸೆಂಬರ್‌ನಲ್ಲಿ ರ‍್ಯಾಪರ್ ಡಾ. ಡ್ರೇ ಅವರ ‘ದ ಕ್ರಾನಿಕ್’ ಆಲ್ಬಮ್ ಬಂತು. ಆಮೇಲೆ ಲಾಸ್ ಏಂಜಲೀಸ್ ಎಂದರೆ ಅದೇ ಸದ್ದು ಎಂದಾಯಿತು. ನಿಧಾನವಾಗಿ, ಭಾರವಾಗಿ, ಕಾರಿನಲ್ಲಿ ಕೇಳುವ ಹಾಗೆ. ಈ ನಾಲ್ವರದೋ ನಾಲ್ಕು ದಾರಿ. ಒಂದೇ ಸಾಲಿನಲ್ಲಿ ಮೂರು ಸಲ ವೇಗ ಬದಲಿಸುತ್ತಾರೆ. ಒಮ್ಮೆ ಕೇಳಿದರೆ ಅರ್ಧ ಕೈಜಾರುತ್ತದೆ. ಮತ್ತೆ ಕೇಳುವ ತಾಳ್ಮೆ ಇದ್ದವರಿಗೆ ಮಾತ್ರ ಸಿಗುವ ಹಾಡು ಅದು. ನನಗೆ ಪೂರ್ತಿ ಸಿಕ್ಕಿದ್ದು ಆರನೆಯದೋ ಏಳನೆಯದೋ ಸಲ. ಇಷ್ಟನ್ನೂ ಬರೆದು, ‘ಆಮೇಲೆ ಸೆಲ್ಫ್ ಜುಪಿಟರ್ ಜೈಲಿಗೆ ಹೋದ, ಗುಂಪು ಚದುರಿತು. ಏಸಿಯಲೋನ್ 1995ರಲ್ಲಿ ಒಬ್ಬನೇ ಆಲ್ಬಮ್ ತಂದ’ ಎಂದು ಸೇರಿಸಿದೆ.

ದೊಡ್ಡಪ್ಪ: ಜೈಲಾ? ನೋಡಿದ್ಯಾ! ಅದಕ್ಕೇ ಹೇಳೋದು, ಇಂಥವರ ಸಹವಾಸ ಬೇಡ ಅಂತ.

ಅಕ್ಕ: ಬೆಳಗ್ಗೆ ನೀವೇ ಅಲ್ವಾ ಒಳ್ಳೆಯವರು ಅಂದಿದ್ದು?

ದೊಡ್ಡಪ್ಪ: ನಾನು ಫಾರ್ವರ್ಡ್ ಮಾಡಿದ್ದು. ಬರೆದದ್ದು ನಾನಲ್ಲ.

ಅತ್ತೆ: ದೊಡ್ಡವರ ಜೊತೆ ಹೀಗಾ ಮಾತಾಡೋದು? ನಿನ್ನ ಮದುವೇಲಿ ಅವರು ಎಷ್ಟು ಓಡಾಡಿದ್ರು ಗೊತ್ತಾ?

ಮದುವೆಯ ಮಾತು ಬಂದ ಮೇಲೆ ಅಕ್ಕ ಸುಮ್ಮನಾದಳು. ಯಾರಿಗೆ ಕೊನೆಯ ಪಂಕ್ತಿಯಲ್ಲಿ ಎಲೆ ಹಾಕಿದ್ದರು, ಯಾರಿಗೆ ಹೋಳಿಗೆ ಸಿಗಲಿಲ್ಲ ಎನ್ನುವುದು ಮಧ್ಯಾಹ್ನದ ತನಕ ನಡೆಯಿತು.

ಗುಂಡಣ್ಣ: ಏಯ್, ಈ ಸಿಡಿ ನಿನ್ನ ಹತ್ರ ಇತ್ತಲ್ವಾ?

ನಾನು: ಇತ್ತು. 2001ರ ಯುಗಾದಿಗೆ ನಿನಗೆ ಕೊಟ್ಟೆ. ನಾಲ್ಕು ದಿನಕ್ಕೆ ಅಂತ.

ಗುಂಡಣ್ಣ: ವಾಪಸ್ ಕೊಟ್ಟೆ ಕಣೋ.

ನಾನು: ಕೊಟ್ಟಿಲ್ಲ ಗುಂಡಣ್ಣ. ಮೊದಲ ಸಂಬಳದಲ್ಲಿ ತರಿಸಿದ್ದು ಅದು. ಮರೆಯೋಕೆ ಆಗತ್ತಾ?

ಅರ್ಧ ಗಂಟೆ ಬಿಟ್ಟು ಅವನು ಒಂದು ಫೋಟೋ ಹಾಕಿದ. ಡಬ್ಬಿಯ ಮುಚ್ಚಳ ಸೀಳಿದೆ. ಒಳಗಿನ ಪುಸ್ತಕ ಹಾಗೇ ಇದೆ. ತಟ್ಟೆ ಇಲ್ಲ.

ಚಿಕ್ಕಮ್ಮ: ಇದರೊಳಗೆ ಇದ್ದ ಹೊಳೆಯೋ ತಟ್ಟೇನಾ? ಅದು ನಮ್ಮ ಸಪೋಟ ಮರದಲ್ಲಿದೆ. ಗಿಳಿ ಬರದೆ ಇರಲಿ ಅಂತ ನಾನೇ ಕಟ್ಟಿದ್ದು. ಹಾಡಿಂದು ಅಂತ ಗೊತ್ತಿರಲಿಲ್ಲ ಮರಿ.

ನಾನು: ಇನ್ನೂ ಇದ್ಯಾ ಚಿಕ್ಕಮ್ಮ? ಹೊಳೆಯೋ ಬದಿ ಎಷ್ಟು ಗೀಚಿದೆ, ಒಂದು ಸಲ ನೋಡಿ ಹೇಳ್ತೀರಾ?

ಸಂಜೆ ಉತ್ತರ ಬಂತು.

ಚಿಕ್ಕಮ್ಮ: ಬಿಚ್ಚಿ ಒರೆಸಿ ದೇವರ ಮನೆ ಕಪಾಟಲ್ಲಿ ಇಟ್ಟಿದ್ದೀನಿ. ಗೀಚು ಇದೆ, ಒಡೆದಿಲ್ಲ. ಬರುವಾಗ ಬೇಡದ ಸಿಡಿ ಎರಡು ತಗೊಂಡು ಬಾ. ಕಾಯಿ ಬಲಿತಿದೆ.