ಯುಪಿಎಸ್ ಇದ್ದರೂ ಕರೆಂಟ್ ಹೋದ ಕೂಡಲೇ ಕಂಪ್ಯೂಟರ್ ಆಫ್ ಆಗುತ್ತಿದೆ, ಯಾಕೆ?

ಸಂಜೆಗೆಂಪು:
ಎಲ್ಲರಿಗೂ ನಮಸ್ಕಾರ. ತುಂಬಾ ಬೇಜಾರಾಗಿ ಕೇಳುತ್ತಿದ್ದೇನೆ. ನಾನು ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಕಂಪ್ಯೂಟರ್‌ಗೆ ಒಂದು 600 ವಿಎ ಯುಪಿಎಸ್ ಇದೆ, ತಗೊಂಡು ಒಂದು ವರ್ಷ ಆಯಿತು. ಸುಮ್ನೆ ಏನೋ ಓದುತ್ತಾ ಕೂತಿದ್ದಾಗ ಕರೆಂಟ್ ಹೋದರೆ ಆರಾಮಾಗಿ ನಡೆಯುತ್ತದೆ, ಆದರೆ ರೆಂಡರ್ (ಎಡಿಟ್ ಮಾಡಿದ್ದು ಪೂರ್ತಿ ವಿಡಿಯೋ ಆಗಿ ತಯಾರಾಗುವುದು) ಆಗುತ್ತಿರುವಾಗ ಹೋದರೆ ಮಾತ್ರ ಯುಪಿಎಸ್ ಒಂದು ಸಲ ಉದ್ದಕ್ಕೆ ಕೂಗಿ ಎಲ್ಲವೂ ಒಟ್ಟಿಗೆ ಆಫ್. ಮೊನ್ನೆ ಹೀಗೇ ಆಗಿ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿದ್ದ ಎರಡು ದಿನದ ಕೆಲಸ ಹಾಳಾಯಿತು. ಯುಪಿಎಸ್‌ಗೆ ಕಂಪ್ಯೂಟರ್, ಮಾನಿಟರ್, ಲೇಸರ್ ಪ್ರಿಂಟರ್ ಮೂರನ್ನೂ ಹಾಕಿದ್ದೇನೆ. ನನ್ನ ಕಂಪ್ಯೂಟರ್ 600 ವ್ಯಾಟ್ ಖಂಡಿತ ತಗೊಳ್ಳುವುದಿಲ್ಲ. ಬ್ಯಾಟರಿ ಹೋಗಿದೆಯಾ, ಇಲ್ಲಾ ಯುಪಿಎಸ್ಸೇ ಹೋಗಿದೆಯಾ?

ರಿಪೇರಿ_ಬೆಂಚು:
ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಸುಮ್ನೆ ಇದ್ದಾಗ ನಿಲ್ಲುತ್ತದೆ, ರೆಂಡರ್‌ನಲ್ಲಿ ಬೀಳುತ್ತದೆ ಅಂದರೆ ಮೊದಲ ಅನುಮಾನ ಲೋಡ್ ಮೇಲೆ (ಅಂದರೆ ಯುಪಿಎಸ್‌ನಿಂದ ಎಷ್ಟು ಕರೆಂಟ್ ಎಳೆಯುತ್ತಿದ್ದೀರಿ ಅನ್ನುವುದರ ಮೇಲೆ), ಬ್ಯಾಟರಿ ಮೇಲೆ ಆಮೇಲೆ.

600 ವಿಎ (ವೋಲ್ಟ್-ಆಂಪಿಯರ್) ಅಂದರೆ 600 ವ್ಯಾಟ್ ಅಲ್ಲ. ಇಲ್ಲೇ ತುಂಬಾ ಜನ ಎಡವುತ್ತಾರೆ, ಪೆಟ್ಟಿಗೆ ಮೇಲೆ ದೊಡ್ಡ ಅಕ್ಷರದಲ್ಲಿ ವಿಎ ಹಾಕಿ ವ್ಯಾಟ್ ಅನ್ನು ಹಿಂಬದಿಯ ಸಣ್ಣ ಚೀಟಿಯಲ್ಲಿ ಹಾಕುವುದರಿಂದ ಹೀಗಾಗುತ್ತದೆ. ಚಿಕ್ಕ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ ವಿಎಯ ಶೇ. 60ರಷ್ಟೇ ವ್ಯಾಟ್. ಅಂದರೆ ನಿಮ್ಮದು ಹೆಚ್ಚೂಕಡಿಮೆ 360 ವ್ಯಾಟ್. ಹಿಂದೆ ತಿರುಗಿಸಿ ನೋಡಿ, ಅಲ್ಲಿ ಬರೆದಿರುತ್ತದೆ. ರೆಂಡರ್ ಆಗುವಾಗ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಒಟ್ಟಿಗೆ ದುಡಿದರೆ ಒಳ್ಳೆಯ ಕಂಪ್ಯೂಟರ್ ಇದನ್ನು ಸುಲಭವಾಗಿ ದಾಟುತ್ತದೆ.

ಆಮೇಲೆ ಆ ಪ್ರಿಂಟರ್. ದಯವಿಟ್ಟು ಇವತ್ತೇ ಅದನ್ನು ಯುಪಿಎಸ್‌ನಿಂದ ತೆಗೆದು ಗೋಡೆಯ ಸಾಕೆಟ್‌ಗೆ ಹಾಕಿ. ಲೇಸರ್ ಪ್ರಿಂಟರ್ ಒಳಗೆ ಶಾಯಿಪುಡಿಯನ್ನು ಕಾಗದಕ್ಕೆ ಅಂಟಿಸಲು ಬಿಸಿಯಾಗುವ ಒಂದು ಹೀಟರ್ ಇರುತ್ತದೆ, ಅದು ಆನ್ ಆದ ಕ್ಷಣ ಒಂದೇ ಸಲ ನೂರಾರು ವ್ಯಾಟ್ ಎಳೆಯುತ್ತದೆ. ಪ್ರಿಂಟ್ ಕೊಡದೆ ಇದ್ದರೂ ಸ್ಟ್ಯಾಂಡ್‌ಬೈನಲ್ಲಿ ಆಗಾಗ ಬಿಸಿ ಮಾಡಿಕೊಳ್ಳುವ ಪ್ರಿಂಟರ್‌ಗಳೂ ಇವೆ.

ಬ್ಯಾಟರಿ ಅನುಮಾನ ತೀರಿಸಿಕೊಳ್ಳಲು ನಾನು ಮಾಡುವ ಪರೀಕ್ಷೆ ಹೇಳುತ್ತೇನೆ. ಕಂಪ್ಯೂಟರ್ ಆಫ್ ಮಾಡಿ ಎಲ್ಲ ಪ್ಲಗ್ ತೆಗೆಯಿರಿ. ಹಳೆಯ ಕಾಲದ 100 ವ್ಯಾಟ್ ಬಲ್ಬ್ ಒಂದನ್ನು ಯುಪಿಎಸ್‌ಗೆ ಹಾಕಿ (ಎಲ್‌ಇಡಿ ಬೇಡ, ಅದು ಲೋಡೇ ಅಲ್ಲ). ಯುಪಿಎಸ್ ಪೂರ್ತಿ ಚಾರ್ಜ್ ಆಗಿರಲಿ. ಈಗ ಗೋಡೆಯ ಸ್ವಿಚ್ ಆಫ್ ಮಾಡಿ, ಯುಪಿಎಸ್‌ನ ಪ್ಲಗ್ ಕೀಳಬೇಡಿ, ಕಿತ್ತರೆ ಅರ್ತಿಂಗ್ ಕೂಡ ಹೋಗುತ್ತದೆ. ಬಲ್ಬ್ ಎಷ್ಟು ನಿಮಿಷ ಉರಿಯಿತು ನೋಡಿ. ಒಂದೆರಡು ನಿಮಿಷಕ್ಕೇ ಆರಿದರೆ ಬ್ಯಾಟರಿ ಮುಗಿದಿದೆ. ಹತ್ತು ಹದಿನೈದು ನಿಮಿಷ ನಿಂತರೆ ಬ್ಯಾಟರಿ ಚೆನ್ನಾಗಿದೆ, ತೊಂದರೆ ಲೋಡ್‌ನದ್ದು.

ಮಿಂಚುಳ್ಳಿ:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ, ಮನೆಯಲ್ಲಿ ಇನ್ವರ್ಟರ್ ಇದ್ದರೆ ಯುಪಿಎಸ್ ಬೇಕಾ?

ರಿಪೇರಿ_ಬೆಂಚು:
ಅದು ಬದಲಾಗುವ ವೇಗದ ಮೇಲೆ ಹೋಗುತ್ತದೆ. ಕಂಪ್ಯೂಟರ್‌ನ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ ಪೆಟ್ಟಿಗೆ) ಒಳಗಿನ ಕೆಪಾಸಿಟರ್‌ಗಳು ಕರೆಂಟ್ ಹೋದ ಮೇಲೂ ಪೂರ್ತಿ ಲೋಡ್‌ನಲ್ಲಿ ಸುಮಾರು 16 ಮಿಲಿಸೆಕೆಂಡ್ ತನಕ ತಡೆದುಕೊಳ್ಳುತ್ತವೆ. ಸಾಧಾರಣ ಯುಪಿಎಸ್ ಅದರೊಳಗೇ ಬ್ಯಾಟರಿಗೆ ಹೊರಳುತ್ತದೆ. ಇನ್ವರ್ಟರ್ ನಿಧಾನವಾದರೆ ಫ್ಯಾನು ದೀಪಕ್ಕೆ ಏನೂ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಕೆಲವು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ಇದ್ದರೆ ಅದನ್ನು ಹಾಕಿ ನೋಡಿ.

ನೀಲಿತಂತಿ:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಲೋಡ್ ಕಡಿಮೆ ಇದ್ದರೂ ಕೆಲವು ಕಂಪ್ಯೂಟರ್‌ಗಳು ಹೀಗೇ ಬೀಳುತ್ತವೆ, ಅದಕ್ಕೆ ಕಾರಣ ಕರೆಂಟಿನ ಅಲೆಯ ಆಕಾರ. ಗೋಡೆಯಿಂದ ಬರುವುದು ನುಣುಪಾದ ಸೈನ್ ಅಲೆ. ಕಡಿಮೆ ದರದ ಯುಪಿಎಸ್ ಬ್ಯಾಟರಿಯಲ್ಲಿ ಓಡುವಾಗ ಕೊಡುವುದು ಮೆಟ್ಟಿಲು ಮೆಟ್ಟಿಲಾದ ಅಲೆ. ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುವ ರೀತಿಯನ್ನು ಸರಿಪಡಿಸುವ ಸರ್ಕ್ಯೂಟ್) ಇರುವ ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಅದನ್ನು ಒಪ್ಪುವುದಿಲ್ಲ. ಹೊಸದು ತಗೊಳ್ಳುವುದಾದರೆ ಪ್ಯೂರ್ ಸೈನ್ ವೇವ್ ಅಂತ ಇರುವುದನ್ನೇ ನೋಡಿ. ಲೈನ್ ಇಂಟರಾಕ್ಟಿವ್ ಸಾಕು, ಅದು ವೋಲ್ಟೇಜ್ ಸ್ವಲ್ಪ ಏರಿಳಿದರೆ ಬ್ಯಾಟರಿ ಮುಟ್ಟದೆಯೇ ಸರಿ ಮಾಡಿಕೊಳ್ಳುತ್ತದೆ. ಆನ್‌ಲೈನ್ ಯುಪಿಎಸ್‌ನಲ್ಲಿ (ಸದಾ ತನ್ನ ಇನ್ವರ್ಟರ್ ಮೂಲಕವೇ ಕರೆಂಟ್ ಕೊಡುವಂಥದ್ದು) ಬದಲಾಗುವ ಸಮಯವೇ ಇಲ್ಲ, ಆದರೆ ಫ್ಯಾನ್ ಸದ್ದು ಜಾಸ್ತಿ, ಬಿಸಿಯೂ ಜಾಸ್ತಿ, ಎಡಿಟಿಂಗ್ ಕೋಣೆಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಸಂಜೆಗೆಂಪು:
ಬಲ್ಬ್ ಪರೀಕ್ಷೆ ಮಾಡಿದೆ. 17 ನಿಮಿಷ ಉರಿಯಿತು! ಪ್ಲಗ್‌ಗೆ ಹಾಕುವ ವ್ಯಾಟ್ ಮೀಟರ್ ಒಂದನ್ನು ಗೆಳೆಯನಿಂದ ತಂದು ನೋಡಿದೆ. ಪ್ರಿಂಟರ್ ಇಲ್ಲದೆ, ರೆಂಡರ್ ಆಗುವಾಗ ಕಂಪ್ಯೂಟರ್, ಮಾನಿಟರ್ ಸೇರಿ 430 ವ್ಯಾಟ್. ಸುಮ್ನೆ ಇದ್ದಾಗ 95. ಯುಪಿಎಸ್ ಹಿಂದೆ 360 ಅಂತಲೇ ಇದೆ. ಒಂದು ವರ್ಷ ಇದನ್ನು ನೋಡಿರಲಿಲ್ಲ. ಹೊಸದು ಎಷ್ಟರದ್ದು ತಗೊಳ್ಳಲಿ? ರೆಂಡರ್ ಮುಗಿಯುವ ತನಕ ಓಡಬೇಕು ಅಂದರೆ?

ರಿಪೇರಿ_ಬೆಂಚು:
ರೆಂಡರ್ ಮುಗಿಸುವ ಆಸೆ ಬಿಡಿ. ಚಿಕ್ಕ ಯುಪಿಎಸ್‌ನಲ್ಲಿ ಇರುವುದು ಸಾಮಾನ್ಯವಾಗಿ 12 ವೋಲ್ಟ್ 7 ಆಂಪಿಯರ್ ಅವರ್‌ನ ಒಂದು ಬ್ಯಾಟರಿ. ಆ 7 ಅನ್ನುವ ಲೆಕ್ಕ 20 ಗಂಟೆ ನಿಧಾನವಾಗಿ ಖಾಲಿ ಮಾಡಿದಾಗಿನದು, ಅಂದರೆ 0.35 ಆಂಪಿಯರ್. ನೀವು 300 ವ್ಯಾಟ್ ಎಳೆದರೆ ಅದರಿಂದ 25 ಆಂಪಿಯರ್‌ಗಿಂತ ಜಾಸ್ತಿ ಹರಿಯುತ್ತದೆ, ಆಗ ಅರ್ಧದಷ್ಟೂ ಸಿಗುವುದಿಲ್ಲ. ನಾಲ್ಕೈದು ನಿಮಿಷ ಸಿಕ್ಕರೆ ಹೆಚ್ಚು. ಯುಪಿಎಸ್ ಕೊಡುವುದು ಸೇವ್ ಮಾಡಿ ಸರಿಯಾಗಿ ಆಫ್ ಮಾಡುವಷ್ಟು ಸಮಯ. ಕರೆಂಟ್ ಹೋದ ಕೂಡಲೇ ರೆಂಡರ್ ನಿಲ್ಲಿಸಿದರೆ ನಿಮ್ಮ ಲೋಡ್ 95ಕ್ಕೆ ಇಳಿಯುತ್ತದೆ, ಸಮಯ ಎಷ್ಟೋ ಪಟ್ಟು ಏರುತ್ತದೆ.

430ರ ಮೇಲೆ ಕಾಲು ಭಾಗವಾದರೂ ಉಳಿಸಿಕೊಳ್ಳಿ. 600 ವ್ಯಾಟ್‌ಗಿಂತ ಕಡಿಮೆಯದು ಬೇಡ. ವಿಎ ಎಷ್ಟಿದ್ದರೂ ಇರಲಿ, ವ್ಯಾಟ್ ನೋಡಿ. ಹೊರಗಿನ ಹಾರ್ಡ್ ಡಿಸ್ಕ್‌ಗೆ ಬೇರೆ ಅಡಾಪ್ಟರ್ ಇದ್ದರೆ ಅದೂ ಯುಪಿಎಸ್‌ನಲ್ಲೇ ಇರಲಿ, ನಿಮ್ಮ ಕೆಲಸ ಇರುವುದೇ ಅಲ್ಲಿ ಅಲ್ವಾ.

ಕಾಡುಮಲ್ಲಿಗೆ:
ಹೊಸದು ಬಂದಾಗ ಇದನ್ನು ನೆನಪಿಡಿ. ಸಾಗಿಸುವಾಗ ಅಪಾಯ ಆಗದಿರಲಿ ಅಂತ ಎಷ್ಟೋ ಯುಪಿಎಸ್‌ಗಳ ಬ್ಯಾಟರಿ ತಂತಿಯನ್ನು ಬಿಚ್ಚಿ ಕಳಿಸಿರುತ್ತಾರೆ. ನನ್ನದು ಹಾಗೇ ಬಂದಿತ್ತು, ಎರಡು ತಿಂಗಳು ಬ್ಯಾಟರಿ ಇಲ್ಲದೆಯೇ ನಡೆಸಿದ್ದೆ. ಜೋಡಿಸುವಾಗ ಕೆಂಪು ಪ್ಲಸ್‌ಗೆ, ಕಪ್ಪು ಮೈನಸ್‌ಗೆ, ಗಟ್ಟಿಯಾಗಿ ಕೂರಬೇಕು. ಕೈಯಲ್ಲಿ ಉಂಗುರ, ಬಳೆ ಇದ್ದರೆ ತೆಗೆದಿಡಿ, ಆ ಚಿಕ್ಕ ಬ್ಯಾಟರಿ ಶಾರ್ಟ್ ಆದರೆ ಲೋಹವನ್ನು ಕೆಂಪಗೆ ಕಾಯಿಸುತ್ತದೆ. ಮೊದಲ ಸಲ ಆರೆಂಟು ಗಂಟೆ ಚಾರ್ಜ್ ಆಗಲು ಬಿಡಿ. ಯುಪಿಎಸ್ ಮುಂದೆ ಎಕ್ಸ್‌ಟೆನ್ಶನ್ ಬೋರ್ಡ್ ಸಿಕ್ಕಿಸಬೇಡಿ. ಮುಚ್ಚಿದ ಕಪಾಟಿನಲ್ಲೂ ಇಡಬೇಡಿ. 25 ಡಿಗ್ರಿಗಿಂತ ಪ್ರತಿ 10 ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಸ್ಸು ಹೆಚ್ಚೂಕಡಿಮೆ ಅರ್ಧವಾಗುತ್ತದೆ. ಮೂರು ನಾಲ್ಕು ವರ್ಷಕ್ಕೆ ಅದನ್ನು ಬದಲಿಸಬೇಕು. ಉಬ್ಬಿದ್ದು ಕಂಡರೆ ಅವತ್ತೇ.

ಯುಎಸ್‌ಬಿ ತಂತಿಯನ್ನೂ ಮರೆಯದೆ ಕಂಪ್ಯೂಟರ್‌ಗೆ ಹಾಕಿ. ನೀವು ಊಟಕ್ಕೆ ಎದ್ದು ಹೋಗಿದ್ದರೂ ಬ್ಯಾಟರಿ ಕಡಿಮೆಯಾದಾಗ ಅದೇ ಸರಿಯಾಗಿ ಶಟ್‌ಡೌನ್ ಮಾಡುತ್ತದೆ. ಲಿನಕ್ಸ್ ಆದರೆ ಎನ್‌ಯುಟಿ ಅನ್ನುವ ಉಚಿತ ತಂತ್ರಾಂಶ ಇದೆ.

ಸಂಜೆಗೆಂಪು:
ಎಲ್ಲರಿಗೂ ಥ್ಯಾಂಕ್ಸ್. 900 ವ್ಯಾಟ್‌ನ ಪ್ಯೂರ್ ಸೈನ್ ಒಂದು ತಂದು ಹಾಕಿದೆ, ತಂತಿ ನಿಜಕ್ಕೂ ಬಿಚ್ಚಿತ್ತು. ರೆಂಡರ್ ನಡೆಯುತ್ತಿರುವಾಗಲೇ ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿದೆ, ಪರದೆ ಮಿಣುಕಲೂ ಇಲ್ಲ. ಹಳೆಯ 600 ವಿಎ ಈಗ ರೌಟರ್‌ಗೆ ಹಾಕಿದ್ದೇನೆ. ಹತ್ತು ವ್ಯಾಟ್ ಅಷ್ಟೇ ಅದಕ್ಕೆ, ತುಂಬಾ ಹೊತ್ತು ಬರುತ್ತಿದೆ.